ನಾನು ಕರ್ಲಿಂಗ್ ಕೋಚ್ ಆದದ್ದು

ಇಡೀ ಮೈಸೂರು ಸಂಸ್ಥಾನದಲ್ಲಿ ಕರ್ಲಿಂಗ್ ಆಟದ ಪ್ರಥಮ ವೀರ ಯಾರೆಂದು ಕೇಳಿದರೆ ವಿನಯಪೂರ್ವಕವಾಗಿ ಅರಿಕೆ ಮಾಡುತ್ತೇನೆ: ನಾನೇ! ಆಗ ಆ ಹೆಸರನ್ನು ಬೇರೆ ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಭದ್ರಾವತಿಯ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಅಲ್ಲಿಗೆ ಎಂಜಿನಿಯರಾಗಿ ಬಂದಿದ್ದ ಸ್ಕಾಟ್ಲೆಂಡಿನ ದೊರೆಗೆ ಒಮ್ಮೆ ತನ್ನೂರಿನ ಆಟ ನೆನಪಾಯಿತು. ಮಂಜುಗಡ್ಡೆಯ ಮೇಲೆ ಹಿಡಿಯಿರುವ ಗುಂಡುಕಲ್ಲನ್ನು ಜಾರಿಸಬೇಕು; ಅದು ಇನ್ನಷ್ಟು ದೂರ ಜಾರಲೆಂದು ಇಬ್ಬರು ಅದರ ಮುಂದೆ ಗುಡಿಸುತ್ತ ಓಡಬೇಕು; ಕಲ್ಲು ದೂರದ ವೃತ್ತದ ನಡುವೆ ನಿಲ್ಲಬೇಕು. ಭದ್ರಾವತಿಯಲ್ಲಿ ಮಂಜುಗಡ್ಡೆ ಎಲ್ಲಿ? ಕ್ಲಬ್ಬಿನ ನುಣುಪು ನೆಲಕ್ಕೆ ಸೋಪಿನ ನೀರು ಸುರಿದೆವು. ಕಲ್ಲು? ಬೀಸುವ ಕಲ್ಲಿನ ಮೇಲಿನ ಹೋಳು!

"ಮನೇಲಿ ಪೊರಕೆ ಯಾವ ಮೂಲೇಲಿದೆ ಅಂತ ಗೊತ್ತಿಲ್ಲ, ಕ್ಲಬ್ಬಲ್ಲಿ ಗುಡಿಸ್ತೀರಾ?" ಎಂದಳು ನನ್ನ ಹೆಂಡತಿ ಸಾವಿತ್ರಿ.

"ಗುಡಿಸೋರು ಬೇರೆ ಮಾರಾಯ್ತಿ, ನಾನು ಕ್ಯಾಪ್ಟನ್! ಶಿವಮೊಗ್ಗದವರನ್ನ ಸೋಲಿಸಿ ಕಪ್ ತರ್ತೀನಿ, ನೋಡ್ತಿರು!"

ಶಿವಮೊಗ್ಗದ ಜವಳಿ ವರ್ತಕರ ತಂಡ ಬಂತು. ಪಂದ್ಯ ಸಂಜೆಯವರೆಗೂ ಸರಿಸಮವಾಗಿ ನಡೆಯಿತು. ಊರೇ ಕಿಟಕಿಗಳಿಗೆ ಜೋತುಬಿದ್ದಿತ್ತು. ಕೊನೆಯ ಕಲ್ಲು ನನ್ನದು. ಅದು ವೃತ್ತದ ನಡುವೆ ನಿಂತರೆ ಕಪ್ ನಮ್ಮದು. ಮನೆದೇವರನ್ನು ನೆನೆದು ಜಾರಿಸಿದೆ. ಆಹಾ, ಏನು ಓಟ! ನಮ್ಮ ತಂಡದ ರಂಗಪ್ಪ, ನಂಜುಂಡಯ್ಯ ಪೊರಕೆ ಹಿಡಿದು ಮುಂದೆ ಧಾವಿಸಿದರು.

ಅದೇ ಗಳಿಗೆಗೆ ಕ್ಲಬ್ಬಿನ ಜವಾನ ದೀಪ ಹಚ್ಚಿದ. ಇಬ್ಬರೂ ಪೊರಕೆ ಕೆಳಗಿಟ್ಟು ದೀಪಕ್ಕೆ ಕೈಮುಗಿದರು!

"ಗುಡಿಸ್ರೋ! ಕಲ್ಲು ನಿಂತುಬಿಡುತ್ತೆ!" ಎಂದು ಕೂಗಿದೆ.

"ದೀಪ ಹಚ್ಚಾಯ್ತಲ್ಲ ಸ್ವಾಮಿ! ಈಗ ಗುಡಿಸಿದ್ರೆ ಲಕ್ಷ್ಮಿ ಎದ್ದುಹೋಗ್ತಾಳೆ," ಎಂದ ರಂಗಪ್ಪ.

"ಕಪ್ಪೇ ಎದ್ದುಹೋಗ್ತಿದೆಯಲ್ಲೋ ಮಾರಾಯ!"

ಎದುರು ತಂಡದ ಶೆಟ್ಟರು, "ಅವರು ಹೇಳೋದು ಸರಿಯಾಗಿದೆ," ಎಂದು ಭಕ್ತಿಯಿಂದ ತಲೆದೂಗಿದರು.

ನಾನೇ ಪೊರಕೆ ಎತ್ತಿಕೊಂಡು ಓಡಿದೆ. ಒಂದು ಹೆಜ್ಜೆ. ಎರಡು ಹೆಜ್ಜೆ. ಮೂರನೆಯದು ಹೆಜ್ಜೆಯಾಗಿರಲಿಲ್ಲ! ಸೋಪಿನ ನೀರಿನಲ್ಲಿ ದೊಪ್ಪೆಂದು ಕೂತು, ಪಂಚೆ ಸಮೇತ ಜಾರಿ, ಕಲ್ಲನ್ನು ಹಿಂದೆ ಹಾಕಿ, ವೃತ್ತದ ನಟ್ಟನಡುವೆ ಹೋಗಿ ನಿಂತೆ. ಕಲ್ಲು ಅರ್ಧ ದಾರಿಯಲ್ಲೇ ಉಳಿಯಿತು. ಜನ ನಕ್ಕ ನಗೆಗೆ ಕಿಟಕಿಗಳು ಅದುರಿದವು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಎನ್ನಿಸಿತು.

ದೊರೆ ನನ್ನನ್ನು ಎತ್ತಿ ನಿಲ್ಲಿಸಿದ. "ನಾಳೆಯಿಂದ ನೀನು ಆಡೋದಿಲ್ಲ. ಹೊರಗೆ ನಿಲ್ಲೋದು. ಕಲಿಸೋದು. ಕೋಚ್!"

ಮನೆ ಬಾಗಿಲಲ್ಲೇ ಸಾವಿತ್ರಿ ಕೇಳಿದಳು, "ಕಪ್ ಎಲ್ಲಿ?"

"ಕಪ್ ಯಾರು ಬೇಕಾದ್ರೂ ಗೆಲ್ತಾರೆ. ನಾನೀಗ ಕೋಚ್!"

ಅವಳು ನನ್ನ ಒದ್ದೆ ಪಂಚೆ ನೋಡಿದಳು. ಒಣ ಪಂಚೆ ತಂದು ಕೈಗಿಟ್ಟು ಒಳಗೆ ಹೋದಳು. ಬಿದ್ದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು.

ಮಾರನೆಯ ದಿನ ಗಂಟಲು ಸರಿಮಾಡಿಕೊಂಡು, ನನ್ನ ಸಮಸ್ತ ಅನುಭವದ ಸಾರವನ್ನು ತಂಡಕ್ಕೆ ಬೋಧಿಸಿದೆ: "ಹೊತ್ತು ಮುಳುಗೋದ್ರೊಳಗೆ ಆಟ ಮುಗಿಸ್ರಪ್ಪ!"

ಎಲ್ಲರೂ ಒಂದೇ ಸಲಕ್ಕೆ ಕಲಿತುಬಿಟ್ಟರು. ಆಮೇಲೆ ಅವರಿಗೆ ಕೋಚ್ ಬೇಕಾಗಲೇ ಇಲ್ಲ!