ಪಕ್ಕದವರ ಸ್ವಿಂಗು, ನನ್ನ ಕಣ್ಣು

ವಯಸ್ಸಾದ ಮೇಲೆ ಗಾಲ್ಫ್ ಕಲಿಯಲು ಹೋದವನಿಗೆ ನಗೆಪಾಟಲು ಹೊಸದಲ್ಲ. ಜೊತೆಗೆ ಹೊಟ್ಟೆಕಿಚ್ಚೂ ಇದ್ದರಂತೂ ವಾರಕ್ಕೊಂದು ಫಜೀತಿ ಗ್ಯಾರಂಟಿ. ನನಗೆ ಎರಡೂ ಇದ್ದವು.

ಹೈದರಾಬಾದಿನ ಬಾಲಾನಗರದ ಒಂದು ಸರಕಾರಿ ಕಾರ್ಖಾನೆಯಲ್ಲಿ ನಾನು ಇಂಜಿನಿಯರ್. ಪಕ್ಕದ ಕ್ವಾರ್ಟರ್ಸಿನವರೂ ಅಲ್ಲೇ. ಇಬ್ಬರೂ ಬಾಗಲಕೋಟೆ ಕಡೆಯವರು, ಒಂದೇ ವರ್ಷ ಸೇರಿದವರು, ಒಂದೇ ಗ್ರೇಡು. ನಮ್ಮ ಜಿ.ಎಂ. ಸಾಹೇಬರು ಮೈಸೂರಿನವರು, ಅವರಿಗೆ ಗಾಲ್ಫ್ ಎಂದರೆ ಪ್ರಾಣ. ಪ್ರತಿವರ್ಷ ನಾಚಾರಂ ಕಡೆಯ ಒಂದು ಕಂಪನಿಯವರ ಜೊತೆ ಜೋಡಿ ಪಂದ್ಯ ಆಡುತ್ತಾರೆ. ಅವರ ಜೋಡಿಯಾಗಿದ್ದವರು ರಿಟೈರ್ ಆಗಿ ಜಾಗ ಖಾಲಿಯಾಯಿತು. ಆ ಜಾಗ ನನಗೆ ಬೇಕಿತ್ತು. ಪಕ್ಕದವರಿಗೂ ಬೇಕಿತ್ತು.

ಇಬ್ಬರೂ ಒಬ್ಬರೇ ಕೋಚ್ ಹತ್ತಿರ ಸೇರಿದೆವು. ಅವರು ಹಳೇ ಹೈದರಾಬಾದಿ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರ ಪಾಠ ಬಹಳ ಸರಳ. ಹಿಡಿತ ಸಡಿಲ ಇರಲಿ, ತಲೆ ಅಲುಗಾಡದಿರಲಿ, ಹೊಡೆದ ಮೇಲೆ ಹಾಗೇ ನಿಲ್ಲಿ, ಬಾಲು ತಾನೇ ಹೋಗುತ್ತದೆ. ಪಕ್ಕದವರಿಗೆ ಮೂರೂ ಮೊದಲ ತಿಂಗಳಲ್ಲೇ ಕೈಗೆ ಹತ್ತಿದವು. ನನಗೆ ಹತ್ತಿದ್ದು ಹೊಟ್ಟೆಯ ಉರಿ ಒಂದೇ.

ಹಿಡಿತ

"ಸಾಬ್, ಗರಂ ಚಾಯ್ ಕಾ ಗ್ಲಾಸ್ ಪಕಡೇ ವೈಸಾ ಪಕಡೋ," ಎಂದರು ಉಸ್ತಾದ್. ಬಿಸಿ ಚಹಾದ ಗ್ಲಾಸನ್ನು ಗಟ್ಟಿಯಾಗಿ ಹಿಡಿದರೆ ಕೈ ಸುಡುತ್ತದೆ, ಬಿಟ್ಟರೆ ಚೆಲ್ಲುತ್ತದೆ. ಪಕ್ಕದವರು ಹಾಗೇ ಹಿಡಿದರು, ಶಾಬಾಶ್ ಎನ್ನಿಸಿಕೊಂಡರು. ಆ ಶಾಬಾಶ್ ಕಿವಿಗೆ ಬಿದ್ದರೆ ಸಾಕು, ನನ್ನ ಬೆರಳುಗಳು ಕೋಲನ್ನು ಹಿಂಡತೊಡಗುತ್ತಿದ್ದವು.

ಅಷ್ಟರಲ್ಲಿ ದಸರೆ ಬಂತು. ಕಾರ್ಖಾನೆಯವರ ಮನೆಯಲ್ಲಿ ಖಂಡೇ ಪೂಜೆಯ ದಿನ ಕಬ್ಬಿಣದ್ದು ಯಾವುದನ್ನೂ ಹಾಗೇ ಬಿಡುವುದಿಲ್ಲ. ನನ್ನ ಹೆಂಡತಿ ಸ್ಪ್ಯಾನರು, ಈಳಿಗೆ, ಸ್ಕೂಟರಿನ ಜೊತೆ ನನ್ನ ಗಾಲ್ಫ್ ಕೋಲುಗಳನ್ನೂ ಸಾಲಾಗಿ ಇಟ್ಟು, ಎಣ್ಣೆ ಒರೆಸಿ, ಕುಂಕುಮ ಹಚ್ಚಿದಳು. ರಬ್ಬರಿನ ಹಿಡಿಕೆಗೂ ಭಕ್ತಿಯಿಂದ ಎಣ್ಣೆ ತಿಕ್ಕಿದ್ದಳು. ಅದು ನನಗೆ ಗೊತ್ತಿರಲಿಲ್ಲ.

ಮರುವಾರ ಜಿ.ಎಂ. ಸಾಹೇಬರು ನೋಡಲು ಬಂದಿದ್ದರು. ನಾನು ಉಸ್ತಾದ್ ಹೇಳಿದಂತೆ ಮೊದಲ ಸಲ ಹಗುರವಾಗಿ ಹಿಡಿದು ಬೀಸಿದೆ. ಬಾಲು ಇದ್ದಲ್ಲೇ ಇತ್ತು. ಕೋಲು ಕೈಬಿಟ್ಟು, ಕುಂಕುಮದ ಸಮೇತ ಬೇಲಿಯ ತನಕ ಹಾರಿತು. ಮನೆಗೆ ಬಂದು ಹೆಂಡತಿಯ ಮೇಲೆ ಕೂಗಾಡಿದೆ.

"ಮೊದಲ ಕೋಲೂ ಹೋಗ್ತಿರಲಿಲ್ಲ, ಬಾಲೂ ಹೋಗ್ತಿರಲಿಲ್ಲ. ಪೂಜಿ ಮಾಡಿದ ಮ್ಯಾಲೆ ಒಂದರೆ ಹೋತಲ್ರಿ," ಎಂದಳು.

ತಲೆ

ಎರಡನೇ ಪಾಠ: ಹೊಡೆಯುವಾಗ ತಲೆ ಎತ್ತಬಾರದು, ಕಣ್ಣು ಬಾಲಿನ ಮೇಲೇ ಇರಬೇಕು. ನನ್ನ ಕಷ್ಟವೆಂದರೆ ಪಕ್ಕದವರು ಇಲ್ಲಿಯೂ ಪಕ್ಕದಲ್ಲೇ ನಿಲ್ಲುತ್ತಿದ್ದರು. ಅವರ ಕೋಲು ಬಾಲಿಗೆ ತಾಗಿದಾಗ ಟಕ್ ಎಂದು ಒಂದು ಶಬ್ದ ಬರುತ್ತಿತ್ತು. ಎಷ್ಟು ಚೊಕ್ಕ ಶಬ್ದವೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಬೀಸುವ ಹೊತ್ತಿಗೆ ಸರಿಯಾಗಿ ಆ ಟಕ್ ಕೇಳಬೇಕು, ನನ್ನ ತಲೆ ಮೇಲೇಳಬೇಕು.

ಒಂದು ದಿನ ಉಸ್ತಾದ್ ನನ್ನನ್ನು ನಿಲ್ಲಿಸಿ, "ಸಾಬ್, ಆಪ್ ಕಾ ಬಾಲ್ ಕಿಧರ್ ಗಯಾ?" ಎಂದು ಕೇಳಿದರು.

ನನ್ನ ಬಾಲು ಎಲ್ಲಿ ಹೋಯಿತೋ ನನಗೇನು ಗೊತ್ತು.

"ಔರ್ ಉನ್ ಕಾ?" ಎಂದು ಪಕ್ಕಕ್ಕೆ ಕೈ ತೋರಿಸಿದರು.

"ನೂರು ಗಜದ ಬೋರ್ಡ್ ದಾಟಿ, ಬೇವಿನ ಗಿಡದ ಬಲಕ್ಕ ಬಿದ್ದು, ಎರಡು ಸಲ ಪುಟಿದು ನಿಂತೈತಿ," ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಪಕ್ಕದವರೇ ಅದನ್ನು ಉಸ್ತಾದರಿಗೆ ಹಿಂದಿಯಲ್ಲಿ ತಿಳಿಸಿ, ನನ್ನ ಕಡೆ ತಿರುಗಿ, "ಥ್ಯಾಂಕ್ಸ್ ರಿ, ನನಗ ಕಾಣಿಸಿರಲಿಲ್ಲ. ನಾ ತಲಿ ಎತ್ತೂದಿಲ್ಲ ನೋಡ್ರಿ," ಎಂದರು.

ಮುಕ್ತಾಯ

ಹೊಡೆದ ಮೇಲೆ ಎರಡೂ ಕೈ ಮೇಲೆತ್ತಿ, ಎದೆ ಮುಂದೆ ಮಾಡಿ, ಬಾಲು ಬೀಳುವ ತನಕ ಕದಲದೆ ನಿಲ್ಲಬೇಕು. ಪಕ್ಕದವರು ಹಾಗೆ ನಿಂತದ್ದನ್ನು ಸಾಹೇಬರು ಮೊಬೈಲಿನಲ್ಲಿ ಫೋಟೋ ತೆಗೆದರು. ನನಗೆ ಅಂದು ಊಟ ಸೇರಲಿಲ್ಲ.

ಎಲ್ಲಿ ನಿಂತರೂ ಅಭ್ಯಾಸ ಮಾಡಲು ಶುರುಮಾಡಿದೆ. ಮೆಹದಿಪಟ್ಟಣಂ ಬಸ್‌ಸ್ಟಾಪಿನಲ್ಲಿ ಒಂದು ದಿನ ಎಷ್ಟು ಹೊತ್ತಾದರೂ ಬಸ್ಸು ಬರಲಿಲ್ಲ, ಕೈಯಲ್ಲಿ ಛತ್ರಿ ಇತ್ತು. ಆಚೀಚೆ ನೋಡಿ ನಿಧಾನಕ್ಕೆ ಬೀಸಿದೆ, ಛತ್ರಿ ಮೇಲೆತ್ತಿ ಹಾಗೇ ನಿಂತೆ. ಫೋಟೋದಲ್ಲಿ ಪಕ್ಕದವರಿಗಿಂತ ಚೆನ್ನಾಗಿ ಕಾಣುತ್ತೇನೆ ಎಂದು ಅನ್ನಿಸುವಷ್ಟರಲ್ಲಿ ಒಂದು ಆಟೋ ಗಕ್ಕನೆ ನಿಂತಿತು. ಅದರ ಹಿಂದೆ ಇನ್ನೊಂದು. ಅದರ ಹಿಂದಿದ್ದ ಬಸ್ಸೂ ನಿಂತು ಹಾರ್ನ್ ಒತ್ತತೊಡಗಿತು.

"ಕಿಧರ್ ಜಾನಾ?" ಎಂದ ಆಟೋದವನು.

"ಕಹೀಂ ನಹೀಂ," ಎಲ್ಲಿಗೂ ಇಲ್ಲ ಎಂದೆ, ಕೈ ಇಳಿಸದೆ. ಬಾಲು ಇನ್ನೂ ಬಿದ್ದಿರಲಿಲ್ಲವಲ್ಲ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿನ ಆಟೋದವನಿಗೆ ಹೇಳಿದ: "ಚಲೋ ಭಾಯ್, ಚಾಚಾ ಸ್ಟ್ಯಾಚೂ ಬನ್ ರಯೇಂ."

ಗುಂಟೂರು ಮೆಣಸಿನಕಾಯಿ

ಪಂದ್ಯಕ್ಕೆ ಒಂದು ವಾರ ಉಳಿದಿತ್ತು. ಸಾಹೇಬರು ಪಕ್ಕದವರನ್ನೇ ಜೋಡಿ ಎಂದು ಹೇಳಿದ್ದರು. ಅದರ ಮರುದಿನವೇ ಪಕ್ಕದವರ ಭುಜ ಹಿಡಿದುಕೊಂಡಿತು. ತಟ್ಟೆಯ ರೊಟ್ಟಿ ಮುರಿಯಲೂ ಕೈ ಏಳದು. ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ. ನಾನು ಮೂಸಂಬಿ ಹಿಡಿದುಕೊಂಡು, ಹೆಂಡತಿಯನ್ನೂ ಕರೆದುಕೊಂಡು ನೋಡಲು ಹೋದೆ. ಮುಖ ಬಾಡಿಸಿಕೊಂಡು ಕೂತಿದ್ದೆ. ಒಳಗೊಳಗೆ ಹಬ್ಬ.

"ಅಕ್ಕಾರ, ಇದು ಯಾರದೋ ಕಣ್ಣ ಐತಿ. ನೀವಽ ದೃಷ್ಟಿ ತಗೀರಿ," ಎಂದರು ಅವರ ಮನೆಯವರು ನನ್ನ ಹೆಂಡತಿಗೆ. ನನ್ನ ಹೆಂಡತಿ ದೃಷ್ಟಿ ತೆಗೆಯುವುದರಲ್ಲಿ ಕಾಲೊನಿಗೇ ಹೆಸರುವಾಸಿ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರ ಕಣ್ಣು ಎಂಬ ಅನುಮಾನವಿದ್ದರೆ, ಅವರ ಕಾಲಡಿಯ ಮಣ್ಣನ್ನು ಗುಟ್ಟಾಗಿ ತಂದು, ಉಪ್ಪು, ಮೆಣಸಿನಕಾಯಿಯ ಜೊತೆ ನೋವಿದ್ದವರ ಮೈ ಸುತ್ತ ಸುಳಿಸಿ ಇಳಿತೆಗೆದು ಬೆಂಕಿಗೆ ಹಾಕುತ್ತಾರೆ. ಘಾಟು ಬಂದರೆ ಏನೂ ಇಲ್ಲ. ಬರದಿದ್ದರೆ ಅವರದೇ ಕಣ್ಣು.

"ಯಾರ ಮ್ಯಾಲರೆ ಅನುಮಾನ ಐತೇನ್ರಿ?" ಎಂದು ನನ್ನ ಹೆಂಡತಿ ಕೇಳಿದಳು.

ಪಕ್ಕದವರ ಹೆಂಡತಿ ನೆಲ ನೋಡತೊಡಗಿದರು. ಪಕ್ಕದವರು ಫ್ಯಾನು ನೋಡತೊಡಗಿದರು. ನನ್ನ ಹೆಂಡತಿ ಒಂದು ಗಳಿಗೆ ಯೋಚಿಸಿ, "ಹಂಗಾರ ನಮ್ಮ ಇವರ ಗಾಲ್ಫ್ ಬೂಟಽ ತರ್ತೀನಿ. ತಳದಾಗ ಬೇಕಾದಷ್ಟು ಮಣ್ಣು ಐತಿ," ಎಂದು ಎದ್ದಳು.

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಹೆಂಡತಿ ಬೂಟಿನ ಜೊತೆ ನಮ್ಮ ಮನೆಯ ಮೆಣಸಿನಕಾಯಿಯನ್ನೂ ತಂದಳು. ಬೂಟಿನ ಮಣ್ಣು ಕೆರೆದರು, ಇಳಿತೆಗೆದರು, ಮುಷ್ಟಿ ಮೆಣಸಿನಕಾಯಿ ಕೆಂಡಕ್ಕೆ ಬಿತ್ತು. ನಾನು ಕೆಮ್ಮಲು ತಯಾರಾಗಿ ಕರವಸ್ತ್ರ ಹಿಡಿದು ನಿಂತೆ. ಮೆಣಸಿನಕಾಯಿ ಸುಟ್ಟು ಕರಕಲಾದವು. ಒಂದು ಸೀನೂ ಇಲ್ಲ.

"ಬ್ಯಾಡಗಿ ಮೆಣಸಿನಕಾಯಿ ಇರಬೇಕು. ಅವಕ್ಕ ಖಾರ ಕಡಿಮಿ," ಎಂದೆ.

"ಗುಂಟೂರಿನವು ರಿ," ಎಂದಳು ನನ್ನ ಹೆಂಡತಿ. "ನೀವಽ ಮೊನ್ನೆ ತಂದಿದ್ದು."

ಬೆಳಗಾಗುವುದರೊಳಗೆ ಪಕ್ಕದವರು ಟೆರೇಸಿನ ಮೇಲೆ ಕೋಲು ಬೀಸುತ್ತಿದ್ದರು. ಸುದ್ದಿ ಕ್ಯಾಂಟೀನಿಗೆ ಹೋಯಿತು, ಅಲ್ಲಿಂದ ಸಾಹೇಬರ ಕ್ಯಾಬಿನ್ನಿಗೂ ಹೋಯಿತು. ಪಂದ್ಯದ ಹಿಂದಿನ ದಿನ ನನಗೆ ಕರೆ ಬಂತು. ಹೋದೆ. ಸಾಹೇಬರು ಎದ್ದು ಬಾಗಿಲು ಹಾಕಿದರು. ಮೇಜಿನ ಮೇಲೆ ನಮ್ಮ ಟೀಮಿನ ಹೊಸ ಟೋಪಿ ಇತ್ತು. ಅದನ್ನು ನನ್ನ ಕೈಗೆ ಕೊಟ್ಟಾಗ ನನ್ನ ಕಣ್ಣು ತುಂಬಿ ಬಂತು.

"ನಾಳೆ ಬೆಳಿಗ್ಗೆ ಬೇಗ ಬಂದ್ಬಿಡಿ," ಎಂದರು.

"ಆಡಾಕೇನ್ರಿ ಸರ್?"

"ಆಡೋದಕ್ಕಲ್ಲ. ಎದುರು ಟೀಮಿನವರು ಹೊಡೆಯುವಾಗ ಹತ್ತಿರ ನಿಂತು ನೋಡ್ತಾ ಇರಿ, ಸಾಕು."

ನಾನು ಟೋಪಿ ಹಿಡಿದು ಬಾಗಿಲ ತನಕ ಬಂದಿದ್ದೆ. ಸಾಹೇಬರು ಮತ್ತೆ ಕರೆದರು.

"ನಾವು ಹೊಡೆಯುವಾಗ ಮಾತ್ರ, ದಯವಿಟ್ಟು, ಆ ಕಡೆ ತಿರುಗಿ ನಿಂತ್ಕೊಳ್ಳಿ."