ಹಾಜ್ಯಾರ್ ಕೊಡೆಯ ಸದ್ದು

ನಮ್ಮ ಹಾಜ್ಯಾರ್ ಇದುವರೆಗೆ ಏಳು ಜನರನ್ನು ಕೊಂದಿದ್ದಾರೆ. ಏಳೂ ಕೊಲೆ ಸಂಜೆಯ ಹೊತ್ತಿಗೆ, ಏಳೂ ನಮ್ಮ ಕಾಟಿಪಳ್ಳದ ಓಣಿಯಲ್ಲಿ, ಮತ್ತು ಏಳನ್ನೂ ನಾನು ಟಿಕೆಟ್ ತೆಗೆದು ಕಣ್ಣಾರೆ ನೋಡಿದ್ದೇನೆ!

ಗಾಬರಿಯಾಗಬೇಡಿ, ಕೊಂದದ್ದು ಸಿನಿಮಾದಲ್ಲಿ. ನಿಜವಾದ ಹಾಜ್ಯಾರ್ ಕೋಳಿ ಕೊಯ್ಯುವಲ್ಲಿ ಮುಖ ಆಚೆ ತಿರುಗಿಸಿ ನಿಲ್ಲುವ ಜನ. ಅವರನ್ನು ಕೊಲೆಗಾರ ಮಾಡಿದ ಪುಣ್ಯಾತ್ಮ ಯಾರೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಲರ್ ಅಂಗಡಿ ಇಟ್ಟು, ಇಡೀ ಊರಿನ ಅಳತೆ ತೆಗೆದ ನಾನೇ ಅವನು.

ಹಜ್ ಮಾಡಿ ಬಂದ ಮೇಲೆ ಅವರ ನಿಜ ಹೆಸರು ನಮಗೆಲ್ಲ ಮರೆತೇ ಹೋಯಿತು. ಹಾಜ್ಯಾರ್ ಎಂದೇ ಕರೆಯುವುದು. ಬಿಳಿ ಲುಂಗಿ, ಬಿಳಿ ಟೊಪ್ಪಿ, ಕೈಯಲ್ಲಿ ಕರಿ ಕೊಡೆ. ಮಳೆ ಇರಲಿ ಬಿಡಲಿ, ಕೊಡೆ ಬೇಕು. ಅದನ್ನು ಬಿಡಿಸಿದ್ದು ಮಾತ್ರ ನಾನು ಕಂಡಿಲ್ಲ. ಮಳೆ ಬಂದರೆ ಅವರೇ ಒದ್ದೆಯಾಗುತ್ತಾರೆ! ಸಂಜೆಯ ನಮಾಜು ಮುಗಿಸಿ ಮಸೀದಿಯಿಂದ ಬರುವಾಗ, ಓಣಿಯ ಒಂದೊಂದು ಗೇಟಿಗೂ ಆ ಕೊಡೆಯ ಹಿಡಿಯಿಂದ ಕುಟ್ಟುವುದು ಅವರ ಕೆಲಸ. ಬ್ಯಾರಿ ಮುಸಲ್ಮಾನರ ಮನೆಯಾಗಲಿ, ನಮ್ಮಂಥ ತುಳುವರ ಮನೆಯಾಗಲಿ, ಭೇದವಿಲ್ಲ.

"ಎಲ್ಲ ಬಂದ್ರಾ?"

ಒಳಗಿನಿಂದ "ಬಂದ್ರು ಹಾಜ್ಯಾರೆ" ಎನ್ನಬೇಕು. ಅಂದರೆ ಮುಂದಿನ ಗೇಟಿಗೆ ಹೋಗುತ್ತಾರೆ. "ಒಬ್ಬ ಬರ್ಲಿಕ್ಕುಂಟು" ಎಂದರೆ ಮುಗಿಯಿತು, ಆ ಒಬ್ಬ ಬರುವವರೆಗೆ ಗೇಟಿನ ಹತ್ತಿರ ಕಂಬದ ಹಾಗೆ ನಿಲ್ಲುತ್ತಾರೆ. ಯಾಕೆ ಈ ಅವತಾರ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. "ಡಾಕ್ಟ್ರು ನಡೀಲಿಕ್ಕೆ ಹೇಳಿದ್ದಾರೆ" ಎಂದು ನನಗೆ. "ಯಾರ ಮನೆಯಲ್ಲಿ ಬೂತಾಯಿ ಮೀನು ಕಾಯಿಸ್ತಾರೆ ಅಂತ ನೋಡ್ಲಿಕ್ಕೆ" ಎಂದು ನನ್ನ ಹೆಂಡತಿಗೆ.

ಮೂಲೆಮನೆಯಲ್ಲಿ ಬಾಡಿಗೆಗಿರುವ ನರ್ಸ್ ಹುಡುಗಿಗೆ ಅತ್ತಾವರದ ಆಸ್ಪತ್ರೆಯಲ್ಲಿ ಕೆಲಸ. ಒಮ್ಮೆ ಅವಳ ಬಸ್ಸು ತಡವಾಯಿತು. ಇಳಿದು ನೋಡಿದರೆ ಸ್ಟಾಪಿನಲ್ಲಿ ಕೊಡೆ ಊರಿಕೊಂಡು ಹಾಜ್ಯಾರ್!

"ನನ್ನ ಅಪ್ಪ ಕೂಡ ಇಷ್ಟು ವಿಚಾರಿಸುದಿಲ್ಲ ಹಾಜ್ಯಾರೆ."

"ನಿನ್ನ ಅಪ್ಪನ ನಂಬರ್ ಕೊಡು. ಅವರಿಗೂ ಸ್ವಲ್ಪ ಹೇಳ್ಲಿಕ್ಕುಂಟು."

ಹೀಗಿರುವಾಗ ಸಿನಿಮಾದವನೊಬ್ಬ ಅಂಗಿಗಳನ್ನು ಹೊಲಿಸಲು ನನ್ನ ಅಂಗಡಿಗೆ ಬಂದ. ಬ್ಯಾರಿಗಳ ಕೇರಿಯೊಂದು ಹೆದರಿಕೆಯಲ್ಲಿ ಬದುಕುವ ಕ್ರೈಂ ಕಥೆಯಂತೆ. "ಇಲ್ಲಿ ಹೆದರಿಕೆ ಎಂಥದ್ದುಂಟು?" ಎಂದು ಕೇಳಿದ. ಸೊಳ್ಳೆ ಬಿಟ್ಟರೆ ಏನೂ ಇಲ್ಲ ಎಂದಿದ್ದರೆ ನನ್ನ ಗಂಟು ಏನು ಹೋಗುತ್ತಿತ್ತು? ಆದರೆ ಅವನು ಕುರ್ಚಿ ಎಳೆದು ಹತ್ತಿರ ಕುಳಿತಿದ್ದ. ಅಳತೆ ಕೊಡುವವರು ಕೈ ಎತ್ತಿ ನಿಲ್ಲುತ್ತಾರೆಯೇ ಹೊರತು ಕಿವಿ ಕೊಟ್ಟು ಕುಳಿತುಕೊಳ್ಳುವುದಿಲ್ಲ ನೋಡಿ! ನಾನು ಕತ್ತರಿ ಕೆಳಗಿಟ್ಟು ಧ್ವನಿ ಇಳಿಸಿದೆ. "ಕತ್ತಲಾಗುವಾಗ ಒಬ್ಬ ಬರ್ತಾನೆ. ಬಿಳಿ ಲುಂಗಿ, ಕರಿ ಕೊಡೆ. ಮುಖ ಕಾಣುದಿಲ್ಲ. ಗೇಟಿಗೆ ಮೂರು ಸಲ ಕುಟ್ತಾನೆ. ಮನೆಯಲ್ಲಿ ಯಾರು ಉಂಟು, ಯಾರು ಇಲ್ಲ, ಎಲ್ಲ ಅವನಿಗೆ ಗೊತ್ತು..." ಹೇಳುತ್ತಾ ಹೇಳುತ್ತಾ ನನ್ನ ಕೈಯ ರೋಮವೇ ನಿಂತಿತು. ಅದು ಹಾಜ್ಯಾರ್ ಎಂದು ಮಾತ್ರ ನಾನು ಹೇಳಲಿಲ್ಲ.

ಸಿನಿಮಾ ಬಂತು. ಓಣಿಗೆ ಓಣಿಯೇ ಮಾಲ್‌ನ ಥಿಯೇಟರಿಗೆ ಹೋಯಿತು. ಹಾಜ್ಯಾರೂ ಬಂದು ನನ್ನ ಪಕ್ಕದಲ್ಲೇ ಕುಳಿತರು. ಪರದೆಯ ಮೇಲೆ ನಮ್ಮದೇ ಓಣಿ, ಆದರೆ ನಮ್ಮದಲ್ಲ. ಊರ ಪಕ್ಕದ ಎಣ್ಣೆ ರಿಫೈನರಿಯ ಚಿಮಣಿಯ ಬೆಂಕಿ ಗೋಡೆಗಳ ಮೇಲೆ ಕೆಂಪಗೆ ಅಲುಗಾಡುತ್ತದೆ. ಒಂದು ನಾಯಿಯಿಲ್ಲ, ಒಂದು ಮಗುವಿಲ್ಲ. ದೂರದಲ್ಲಿ ಬಿಳಿ ಟೊಪ್ಪಿ, ಕರಿ ಕೊಡೆ. ಟಕ್, ಟಕ್, ಟಕ್. ಒಳಗೆ ದೀಪ ಆರುತ್ತದೆ. ಮುಂದಿನ ಗೇಟು. ಟಕ್, ಟಕ್, ಟಕ್. ಅಲ್ಲೂ ಆರುತ್ತದೆ. ದಿನಾ ಕೇಳುವ ಸದ್ದಿಗೆ ನನ್ನ ಬೆನ್ನು ತಣ್ಣಗಾಯಿತು. ಹಾಜ್ಯಾರ್ ಕಡೆ ನೋಡಲು ಧೈರ್ಯ ಬರಲಿಲ್ಲ.

ಹೊರಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಕೊಡೆ ಚಂದ ಆಕ್ಟ್ ಮಾಡಿದೆ."

ಎಲ್ಲರೂ ನಕ್ಕೆವು. ನಗು ವಾರವೂ ಬಾಳಲಿಲ್ಲ. ಮೊದಲು ಮಕ್ಕಳು ಅವರನ್ನು ಕಂಡು ಕಿರುಚಿ ಓಡುವ ಆಟ ಶುರುಮಾಡಿದರು. ಆಮೇಲೆ ಆಟವಲ್ಲದೆಯೂ ಓಡಿದರು. ಬಜಪೆ ಕಡೆಯ ಹುಡುಗರು ಬೈಕಿನಲ್ಲಿ ಬಂದು 'ಕೊಲೆಗಾರನ ಓಣಿ' ಎಂದು ವೀಡಿಯೊ ಮಾಡಿದರು. ಹೊಸ ಬಾಡಿಗೆಯವರ ಮನೆಯಲ್ಲಿ ಕೊಡೆಯ ಸದ್ದಿಗೆ ಗರ್ಭಿಣಿ ಸೊಸೆ ಚೀರಿದಳು. ಅವಳ ಮಾವ ಗೇಟಿಗೆ ಬಂದು, "ನಾಳೆಯಿಂದ ಈ ಕಡೆ ಬರ್ಬೇಡಿ ಮಾರಾಯ್ರೆ" ಎಂದರು. ಇಪ್ಪತ್ತು ವರ್ಷದಿಂದ ಗುರುತಿದ್ದವರೂ, ತಮಾಷೆಗೋ ನಿಜಕ್ಕೋ, ಬೇಗ ಬೇಗ ಚಿಲಕ ಹಾಕತೊಡಗಿದರು. ಮನುಷ್ಯ ಇನ್ನೂ ಮಸೀದಿಯ ತಿರುವಿನಲ್ಲಿರುವಾಗಲೇ ಆ ತುದಿಯಿಂದ ಈ ತುದಿಗೆ ಚಿಲಕಗಳು ಸಾಲಾಗಿ ಬೀಳುತ್ತಿದ್ದವು. ಸಿನಿಮಾದವನಿಗೆ ಈಗ ಬಂದು ಶೂಟಿಂಗ್ ಮಾಡು ಎನ್ನಬೇಕಿತ್ತು, ಸೆಟ್ಟಿನ ಖರ್ಚು ಉಳಿಯುತ್ತಿತ್ತು!

ಒಂದು ಸಂಜೆ ಕೊಡೆಯ ಸದ್ದು ಬರಲಿಲ್ಲ. ಮರುದಿನವೂ ಇಲ್ಲ. ನಮಾಜು ಮುಗಿದ ಕೂಡಲೇ ಹಿಂದಿನ ದಾರಿಯಿಂದ ಮನೆ ಸೇರುತ್ತಾರೆ ಎಂದು ಸುದ್ದಿ.

ನನ್ನ ಹೆಂಡತಿ ಅವರ ಮನೆಗೆ ಹೋಗಿ ಬಂದವಳು ನನ್ನೆದುರು ಕುಳಿತು ಅಲ್ಲಿ ಕೇಳಿದ್ದನ್ನು ಹೇಳಿದಳು. ಹಿಂದೊಮ್ಮೆ ಊರಲ್ಲಿ ಗಲಾಟೆಯಾದ ಸಂಜೆ ಹಾಜ್ಯಾರ್ ಬಂದರಿನ ತಮ್ಮ ಅಂಗಡಿಯಿಂದ ನಡೆದುಕೊಂಡೇ ಬಂದಿದ್ದರಂತೆ. ಬಾಯಾರಿ ದಾರಿಯಲ್ಲಿ ಕುಟ್ಟಿದ ಒಂದು ಬಾಗಿಲೂ ತೆರೆಯಲಿಲ್ಲವಂತೆ. ಬ್ಯಾರಿಗಳದ್ದೂ ಇಲ್ಲ, ನಮ್ಮವರದ್ದೂ ಇಲ್ಲ. "ಅವರಿಗೆ ಸಿಟ್ಟು ಬರಲಿಲ್ಲ ಅಂತೆ. ಪಾಪ, ಒಳಗಿದ್ದವರಿಗೆ ಎಷ್ಟು ಹೆದರಿಕೆ ಆಗಿರ್ಬೇಕು ಅಂದ್ರಂತೆ. ಬಾಗಿಲು ಕುಟ್ಟಿದ್ರೆ ಹೆದರಬಾರ್ದು, ಜನಕ್ಕೆ ಅಭ್ಯಾಸ ಆಗ್ಬೇಕು ಅಂತ ದಿನಾ ಕುಟ್ತಾ ಇದ್ದದ್ದಂತೆ."

ಓಣಿಗೆ ಹೊಂದುವ ಹಾಗೆ ಅವರು ವರ್ಷಗಟ್ಟಲೆ ಹೊಲಿದದ್ದನ್ನು ನಾನು ಒಂದು ಮಧ್ಯಾಹ್ನ ಬಾಯಿಯಿಂದ ಕತ್ತರಿಸಿ ಹಾಕಿದ್ದೆ.

ಮರುದಿನ ಮುಸ್ಸಂಜೆ ಹೊರಟೆ. ಓಣಿಯಲ್ಲಿ ಯಾರೂ ಇಲ್ಲ. ರಿಫೈನರಿಯ ಬೆಂಕಿಯ ಕೆಂಪು ಗೋಡೆಗಳ ಮೇಲೆ ಅಲುಗಾಡುತ್ತಿತ್ತು. ನನ್ನ ಚಪ್ಪಲಿಯ ಸದ್ದಿಗೇ ಪಕ್ಕದ ಮನೆಯ ಚಿಲಕ ಬಿತ್ತು. ಹಾಜ್ಯಾರ್ ಬಾಗಿಲಿಗೆ ಬೆರಳಿನಿಂದ ಕುಟ್ಟಿದೆ.

ಒಳಗೆ ದೀಪ ಆರಿತು.

ಅವರ ಮನೆಯಲ್ಲಿ! ಹೇಗೋ ಬಾಯಿ ತೆರೆದೆ. "ಎಲ್ಲ ಬಂದ್ರಾ?"

ಆಮೇಲೆ ದೀಪ ಹತ್ತಿತು, ಬಾಗಿಲು ತೆರೆಯಿತು. ಹಾಜ್ಯಾರ್ ತಲೆಯಲ್ಲಿ ಟೊಪ್ಪಿ ಇರಲಿಲ್ಲ. ಇಷ್ಟು ಸಣ್ಣ ಮನುಷ್ಯ ಎಂದು ನನಗೆ ಗೊತ್ತೇ ಇರಲಿಲ್ಲ.

"ಹಾಜ್ಯಾರೆ, ಆ ಸಿನಿಮಾದವನಿಗೆ ಹೇಳಿದ್ದು ನಾನು."

"ಗೊತ್ತುಂಟು."

"ಯಾರು ಹೇಳಿದ್ರು?"

"ನೀವೇ. ಸಿನಿಮಾದಲ್ಲಿ ಎಲ್ಲ ಗೇಟಿಗೂ ಮೂರು ಸಲ ಕುಟ್ಟಿದ್ದಲ್ವಾ? ನಾನು ಕುಟ್ಟುದು ಒಂದೇ ಸಲ. ಮೂರು ಸಲ ಅಂದ್ರೆ ಅದು ನಿಮ್ಮ ಗೇಟು ಮಾತ್ರ ಟೈಲರೇ. ಟಿವಿ ಜೋರು, ಕಿವಿ ಮಂದ. ಒಂದು ಸಲಕ್ಕೆ ನಿಮಗೆ ಕೇಳುದಿಲ್ಲ."

ಥಿಯೇಟರಿನಲ್ಲೇ ಇವರಿಗೆ ಗೊತ್ತಾಗಿತ್ತು. ಆಮೇಲೂ, ಸದ್ದು ನಿಲ್ಲುವ ದಿನದವರೆಗೂ, ನನ್ನ ಗೇಟಿಗೆ ಮೂರು ಸಲವೇ ಕುಟ್ಟಿದ್ದರು.

"ನಾಳೆಯಿಂದ ನಾನು ಕುಟ್ತೇನೆ ಹಾಜ್ಯಾರೆ. ಎಲ್ಲ ಮನೆಗೂ ಹೋಗ್ತೇನೆ. ನೀವು ಕೂತ್ಕೊಳ್ಳಿ."

ಅವರು ನನ್ನ ಕೈಯ ಕಡೆ ನೋಡಿದರು.

"ಆ ಬೆರಳಲ್ಲಿ? ಯಾರಿಗೆ ಕೇಳ್ತದೆ ಮಾರಾಯ್ರೆ! ಒಳಗಿನವರು ಬಂದ್ರು ಅಂತ ಹೇಳಿದ್ರೂ ನಿಮಗೆ ಕೇಳ್ಬೇಕಲ್ಲ." ತಿರುಗಿ ಒಳಗೆ ಹೋಗುತ್ತಾ ಹೇಳಿದರು, "ನಿಲ್ಲಿ, ಕೊಡೆ ತರ್ತೇನೆ."