ಅಳೋರಿಗೆ ಅಜ್ಜಿ ಹಾಕಿದ ಮಾರ್ಕು

ನಮ್ಮನೇಲಿ ಹಿಂಗೇ ಕಣ್ರೀ, ಅಳೋ ಹೊತ್ತಲ್ಲೇ ಏನಾದ್ರೂ ಒಂದು ನಗೋಂಗೆ ಆಗೋಯ್ತದೆ, ನಕ್ಕು ಮುಗಿಯೋಷ್ಟ್ರಲ್ಲಿ ತಿರ್ಗ ಅಳು ಬತ್ತದೆ. ಅವ್ವ ತೀರ್ಕೊಂಡ ಮೇಲಂತೂ ಇದು ಜಾಸ್ತಿ ಆಗ್ಬುಟ್ಟದೆ.

ರಿಮೋಟ್ ಮೇಲೆ ಕೂತ ಅಜ್ಜಿ

ಗುಂಡ್ಲುಪೇಟೆ ಮನೇಲಿ ಈಗ ನಾವು ಮೂರೇ ಜನ. ಅಪ್ಪ, ಅಪ್ಪನ ಅವ್ವ ಅಂದ್ರೆ ನಮ್ಮಜ್ಜಿ, ಆಮೇಲೆ ನಾನು. ಅಪ್ಪಂದು ಈರುಳ್ಳಿ ಮಂಡಿ. ಅವ್ವ ಸತ್ತ ದಿನ ಯಾರೋ ದೊಡ್ಡೋರು ಬಂದು "ಶಿವನ ಪಾದ ಸೇರ್ದೋಳ್ಗೆ ಅಳ್ಬಾರ್ದು ಕಣಪ್ಪ" ಅಂದ್ಬುಟ್ರು. ಅಷ್ಟೇ, ಅಪ್ಪ ಅಳ್ನೇ ಇಲ್ಲ. ಅವತ್ತಿಂದ ಮಾತೂ ಇಲ್ಲ, ಊಟನೂ ಇಲ್ಲ. ಮುದ್ದೆ ಮುರ್ಯೋದು, ತಟ್ಟೇಲೇ ಬುಟ್ಟು ಕೈ ತೊಳ್ಯೋದು. "ಒಳ್ಗೇ ಕಟ್ಕೊಂಡವ್ನೆ, ಒಂದ್ಸಲ ಅತ್ಬುಟ್ರೆ ಸರೋಯ್ತನೆ" ಅಂತ ಅಜ್ಜಿ ಗೊಣಗ್ಕೊಂಡು ಓಡಾಡೋಳು.

ಒಂದಿನ ಅಜ್ಜಿ ರಿಮೋಟ್ ಮೇಲೆ ಕೂತ್ಬುಟ್ಲು. ಚಾನಲ್ ಎಲ್ಲಿಗೋ ಹೋಯ್ತು. ನೋಡಿದ್ರೆ ಅಳೋ ಸ್ಪರ್ಧೆ! ನಿಜವಾಗ್ಲೂ ಕಣ್ರೀ! ಎದೆ ಮೇಲೆ ನಂಬರ್ ಅಂಟಿಸ್ಕೊಂಡು ಸಾಲಾಗಿ ಕುರ್ಚಿ ಮೇಲೆ ಕೂತವ್ರೆ, ಗಂಟೆ ಹೊಡೆದ್ರೆ ಅಳ್ಬೇಕು, ಜಡ್ಜುಗಳು ಟಾರ್ಚ್ ಹಾಕಿ ಕಣ್ಣು ನೋಡಿ ಮಾರ್ಕು ಕೊಡ್ತರೆ, ಮೂರು ಸಲನೂ ನೀರು ಬರ್ದಿದ್ದೋರು ಮನೆಗೆ!

"ಥೂ, ಬದಲಾಯ್ಸಜ್ಜಿ" ಅಂದೆ. ಅಜ್ಜಿ ಅಲ್ಲಾಡ್ನಿಲ್ಲ. ನಮ್ಮ ಕಡೆ ಹೆಂಗಸ್ರು ಸತ್ತೋರ ಗುಣ ಒಂದೊಂದಾಗಿ ಹೇಳ್ಕೊಂಡು ಅಳ್ತರಲ್ಲ, ಅದ್ರಲ್ಲಿ ಅಜ್ಜಿದು ಎತ್ತಿದ ಕೈ. ಅಜ್ಜಿ ತೌರೂರು ಹರವೆ ಸುತ್ತಮುತ್ತ ಯಾರಾದ್ರೂ ಸತ್ರೆ "ಅಜ್ಜಿ ಬಂದ್ಲಾ?" ಅಂತ ಮೊದ್ಲು ಕೇಳೋರು.

"ಬರೀ ಊಂ ಊಂ ಅಂದ್ರಾಯ್ತಾ? ಸತ್ತೋರು ಏನ್ ಒಳ್ಳೇದ್ ಮಾಡಿದ್ರು ಅಂತ ಒಂದಾದ್ರೂ ಏಳ್ಬೇಡ್ವಾ? ಹತ್ತಕ್ಕೆ ಎರಡು ಮಾರ್ಕು" ಅಂದ್ಲು.

ಟೀವಿ ಜಡ್ಜು ಅದೇ ಅಳುಗೆ ಎಂಟು ಕೊಟ್ಟ.

"ಇವನ್ ಮನೇಲಿ ಇನ್ನೂ ಯಾರೂ ಸತ್ತಿಲ್ಲ ಕಣಮ್ಮಿ" ಅಂದ್ಲು ಅಜ್ಜಿ.

ಬಸ್ಸಲ್ಲಿ

ನಾನು ಚಾಮರಾಜನಗರದ ಬಟ್ಟೆ ಅಂಗಡಿಗೆ ಕೆಲ್ಸಕ್ಕೆ ಹೋಗೋಳು. ಒಂದಿನ ಬಸ್ಸಲ್ಲಿ ಸೀಟಿಲ್ದೆ ನಿಂತ್ಕೊಂಡು, ಸುಮ್ನೆ ಆಡ್ಕೊಂಡು ನಗನ ಅಂತ, ಫೋನಲ್ಲಿ ಅದೇ ಶೋ ಹಾಕ್ದೆ. ಏಳನೇ ನಂಬರ್ ಹುಡುಗಿ ಅವ್ರವ್ವನ ಸೀರೆ ಮಡಚ್ತಾ ಮಡಚ್ತಾ ಅಳ್ತಾವ್ಳೆ. ನಮ್ಮವ್ವನ ಸೀರೆ ಇರೋ ಬೀರು ಬಾಗ್ಲು ನಾನಿನ್ನೂ ತೆಗ್ದಿಲ್ಲ. ಹೆಂಗೆ ತಡ್ಕೊಳ್ಳದು ಹೇಳಿ? ಬೋ ಅಂತ ಅತ್ಬುಟ್ಟೆ!

ಕಂಡಕ್ಟರ್ ಓಡ್ಬಂದು "ಏ ಎದ್ದೇಳ್ರಿ, ಸೀಟ್ ಬುಡ್ರಿ, ಪಾಪ ಮನೇಲಿ ಏನೋ ಆಗದೆ" ಅಂದ. ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ತಲೆ ಎದೆಗಾನಿಸ್ಕೊಂಡು ತಾನೂ ಶುರು ಮಾಡ್ದಳು, ತೆರಕಣಾಂಬಿವರ್ಗೂ ನಿಲ್ಲಿಸ್ನಿಲ್ಲ. ಆಮೇಲೆ ಮೂಗು ಒರಸ್ಕೊಂಡು "ಯಾರವ್ವ ತೀರ್ಕೊಂಡಿದ್ದು?" ಅಂದ್ಲು. ನಾನು ಫೋನ್ ತೋರ್ಸ್ದೆ.

"ಇದ್ನ ನೋಡ್ಕೊಂಡಾ! ನಮ್ಮತ್ತೆ ಸತ್ತಾಗ್ಲೂ ಇಷ್ಟು ಅತ್ತಿರ್ನಿಲ್ಲ ಕಣಮ್ಮಿ ನಾನು!"

ಈರುಳ್ಳಿ ಉಪಾಯ

ಅಲ್ಲಿಂದ ನಂಗೂ ಹುಚ್ಚು ಹಿಡೀತು. ಸಂಜೆ ಆದ್ರೆ ಅಜ್ಜಿ ಮೊಮ್ಮಗಳು ಟೀವಿ ಮುಂದೆ. ಅಪ್ಪ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲ್ಕೊಳ್ಳೋನು. ಅಜ್ಜಿಗೆ ಒಂದು ಉಪಾಯ ಹೊಳೀತು. "ಮೊದ್ಲು ಒಂದ್ ಅನಿ ಕಿತ್ಕೊಂಡ್ ಬರ್ಲಿ, ಮಿಕ್ಕಿದ್ದು ಅದೇ ಬತ್ತದೆ. ಏ ಮಗ, ನಾಳೆ ಬೀಗ್ರು ಬತ್ತವ್ರೆ, ಈ ಈರುಳ್ಳಿ ಹೆಚ್ಕೊಡ್ಲಾ!"

ಅಪ್ಪ ಈಳಿಗೆಮಣೆ ಹಾಕ್ಕೊಂಡು ಒಂದು ಬಕೆಟ್ಟು ಹೆಚ್ಚಿದ. ಅಜ್ಜಿ ಕಣ್ಣಲ್ಲಿ ನೀರು, ನನ್ ಕಣ್ಣಲ್ಲಿ ನೀರು, ಲೋಡ್ ಯಾವಾಗ ಅಂತ ಕೇಳಕ್ಕೆ ಬಂದ ಕೇರಳದ ಲಾರಿ ಡ್ರೈವರ್ ಬಾಗ್ಲಲ್ಲೇ ಕಣ್ಣು ಉಜ್ಕೊಂಡು ನಿಂತ. "ಚೇಟ್ಟಾ, ನಿಮ್ಗೆ ಉರಿಯಲ್ವಾ ಅಣ್ಣಾ?" ಅಂದ. "ಈರುಳ್ಳಿ ನನ್ನೇನ್ ಮಾಡದು ಬುಡು" ಅಂದ್ಬುಟ್ಟು ಅಪ್ಪ ಎದ್ದೋದ.

ಬೀಗ್ರು ಬರ್ನಿಲ್ಲ, ಬರೋರಿದ್ರೆ ತಾನೆ? ವಾರ ಪೂರ್ತಿ ಈರುಳ್ಳಿ ಗೊಜ್ಜು, ಈರುಳ್ಳಿ ಪಲ್ಯ, ಈರುಳ್ಳಿ ಬಜ್ಜಿ. ಅಪ್ಪ ಅದನ್ನೂ ಮುಟ್ನಿಲ್ಲ, ಬಸ್ಸಲ್ಲಿ ನನ್ ಪಕ್ಕ ಯಾರೂ ಕೂರ್ನಿಲ್ಲ.

ಆರನೇ ನಂಬರು

ಶೋನಲ್ಲಿ ಆರನೇ ನಂಬರ್ ಅಂತ ಒಬ್ಬ ಸಣಕಲು ವಯಸ್ಸಾದೋನಿದ್ದ. ಗಂಟೆ ಹೊಡೆದ್ರೆ ಸುಮ್ನೆ ಮುಂದಕ್ಕೆ ನೋಡ್ಕೊಂಡು ಕೂರೋನು. ಅಜ್ಜಿ ಅವನಿಗೆ ಸೊನ್ನೆ ಹಾಕೋಳು. ಒಂದಿನ ಲಾರಿ ಬರ್ದೆ ಅಪ್ಪ ಮಂಡಿಯಿಂದ ಬೇಗ ಬಂದು ಬಾಗ್ಲಲ್ಲಿ ನಿಂತವ್ನೆ. ಜಡ್ಜು ಮೂರನೇ ಸಲ ಟಾರ್ಚ್ ಹಾಕಿ "ಪೂರ್ತಿ ಒಣಗಿದೆ, ನೀವು ಮನೆಗೆ ಹೋಗ್ಬಹುದು" ಅಂದ.

ಆರನೇ ನಂಬರ್ನೋನು "ಹೆಂಡ್ತಿ ಹೋದಾಗ್ಲೂ ಬರ್ಲಿಲ್ಲ ಸಾರ್, ಇಲ್ಲಾದ್ರೂ ಬರುತ್ತೇನೋ ಅಂತ ಬಂದೆ" ಅಂದ.

ಹಿಂದಿಂದ ಅಪ್ಪನ ದನಿ. "ಮನೇಗೋಗಿ ಏನ್ ಮಾಡ್ತನವ್ವ ಅವ್ನು? ಅಲ್ಲಿ ಯಾರವ್ರೆ?" ಅಂದೋನೇ ಬಾಗ್ಲ ಚೌಕಟ್ಟು ತಬ್ಕೊಂಡು ಕುಸ್ದು ಕೂತು ಅತ್ತ ನೋಡಿ! ಬೀದಿ ಕೊನೇವರ್ಗೂ ಕೇಳೋಂಗೆ ಅತ್ತ.

ನಮ್ಮಲ್ಲಿ ಅಳು ಕೇಳಿದ್ರೆ ಅಳ್ತಾನೇ ಬರ್ಬೇಕು, ಯಾರು ಏನು ಅಂತ ಆಮೇಲೆ ಕೇಳದು. ಪಕ್ಕದ್ಮನೆಯೋಳು, ನಲ್ಲಿ ನೀರಿಗೆ ಜಗಳ ಆಡಿ ಅಜ್ಜಿ ಜೊತೆ ಮಾತು ಬುಟ್ಟಿದ್ದೋಳು, ಈ ಮನೇಲಿ ಇನ್ನು ಸಾಯೋಕೆ ಉಳ್ದಿರೋಳು ಅಜ್ಜಿ ತಾನೆ ಅಂದ್ಕೊಂಡು ಎದೆ ಬಡ್ಕೊಂಡು ಅಂಗಳಕ್ಕೆ ಬಂದ್ಲು. "ಅಯ್ಯೋ ನನ್ನವ್ವಾ! ಬಂಗಾರ್ದಂತ ಮನ್ಸೋಳೇ! ನಲ್ಲೀಲಿ ನನ್ ಬಿಂದ್ಗೇನೆ ಮೊದ್ಲು ಇಡಿಸ್ತಿದ್ದೋಳೇ!"

ನಾನು ಎದ್ದೆ. ಅಜ್ಜಿ ಕೈ ಹಿಡ್ಕೊಂಡು "ಸುಮ್ಕಿರಮ್ಮಿ, ಇನ್ನೂ ಏಳ್ಲಿ" ಅಂದ್ಲು. ಪೂರ್ತಿ ಕೇಳುಸ್ಕೊಂಡೇ ಬಾಗ್ಲಿಗೆ ಹೋಗಿದ್ದು. ಅವ್ಳು ಕಿಟಾರ್ ಅಂತ ಕಿರುಚ್ಕೊಂಡು "ನಿಂಗೆ ಸಾಯಕ್ಕೂ ಬರಲ್ವೇನಜ್ಜಿ!" ಅಂದ್ಲು.

ಅಪ್ಪನಿಗೆ ಅಳ್ತಾ ಅಳ್ತಾನೇ ನಗು ಬಂದ್ಬುಡ್ತು. ಕಣ್ಣೊರಸ್ಕೊಂಡು "ಅವ್ವ, ಹಸ್ದದೆ, ಮುದ್ದೆ ಇಕ್ಕು" ಅಂದ.

"ಇಕ್ಕಕ್ಕೆ ಬಂದೆ ಇರ್ಲಾ" ಅಂದ ಅಜ್ಜಿ ಪಕ್ಕದ್ಮನೆಯೋಳ ಕಡೆ ತಿರುಗಿದ್ಲು. "ಹತ್ತಕ್ಕೆ ಹತ್ತು ಕಣಮ್ಮಿ ನಿಂಗೆ! ನಿಜ್ವಾಗ್ಲೂ ಸತ್ತಾಗ ಇದ್ನೇ ಏಳ್ಬೇಕು. ಒಂದ್ ಮಾರ್ಕು ಕಮ್ಮಿ ಆಯ್ತೋ, ನಮ್ಮಲ್ಲಿ ಎಂಗೂ ಕೂರ್ಸೇ ಅಲ್ವಾ ಮಣ್ ಮಾಡದು, ಅಲ್ಲಿಂದ್ಲೇ ಎದ್ ಬತ್ತಿನಿ!"